ಹದಿನಾಲ್ಕನೆಯ ಸೂಜಿ

ಅಕ್ಯುಪಂಕ್ಚರ್ ನನ್ನ ಕಸುಬು. ಸೂಜಿ ಚುಚ್ಚುವಾಗ ಜೋರಾಗಿ ಎಣಿಸುತ್ತೇನೆ, ತೆಗೆಯುವಾಗಲೂ ಜೋರಾಗಿ ಎಣಿಸುತ್ತೇನೆ. ಹನ್ನೊಂದು ವರ್ಷದಿಂದ ಇದೇ ಪದ್ಧತಿ. ತೆಳು ಗೋಡೆಯಾಚೆ ಮೇಜಿನ ಮುಂದೆ ಕೂತ ಅಕ್ಕ ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ. ನಿಂಬೆಹಣ್ಣು ಮಾರುವವಳ ಹಾಗೆ ಎಣಿಸುತ್ತೀರಲ್ಲ ಎಂದು ರೋಗಿಗಳು ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಯಿತು!

ಅವತ್ತು ಮಾತ್ರ ತೆಗೆಯುವಾಗ ಎಣಿಸಲಿಲ್ಲ. ಕಾರಣ ಹೆಡ್‌ಮಿಸ್. ಶಾಲೆಯಿಂದ ನಿವೃತ್ತರಾಗಿ ಎರಡು ವರ್ಷ, ಅಂದಿನಿಂದ ನೆಟ್ಟಗೆ ನಿದ್ದೆಯಿಲ್ಲ. ಇದೆಲ್ಲ ಬರೀ ಬೊಗಳೆ ಎಂದು ಗೊಣಗುತ್ತಲೇ ಆರು ವಾರ ಬಂದವರು, ಅಂದು ನನ್ನ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದರು! ನನಗೆ ಕುಣಿಯುವಷ್ಟು ಖುಷಿ. ಉಸಿರು ಬಿಗಿಹಿಡಿದು ಸದ್ದಿಲ್ಲದೆ ಸೂಜಿ ತೆಗೆದೆ.

ಅವರು ಎದ್ದು ಮನೆಗೆ ಹೋದ ಮೇಲೆ ಅಕ್ಕ ಚೀಟಿ ಹಿಡಿದು ಬಂದಳು. "ಹಾಕಿದ್ದು ಹದಿನಾಲ್ಕು. ತೆಗೆದದ್ದು ಕೇಳಿಸ್ಲೇ ಇಲ್ವಲ್ಲೇ?"

ತಟ್ಟೆಯಲ್ಲಿ ಹದಿಮೂರಿದ್ದವು. ಹಾಸಿಗೆ ಕೊಡವಿದೆವು, ನೆಲವೆಲ್ಲ ತಡಕಿದೆವು. ಉಳಿದದ್ದು ನೆತ್ತಿಯದು, ಕೂದಲೊಳಗಿನದು.

"ಸುಮ್ನಿರು, ತಲೆ ಬಾಚಿದ್ರೆ ತಾನೇ ಬಿದ್ದುಹೋಗುತ್ತೆ," ಅಂದಳು ಅಕ್ಕ. "ಹೋದ ವರ್ಷದ ದೂರು ಮರೆತ್ಯಾ? ಇನ್ನೊಂದು ಬಂದ್ರೆ ಲೈಸೆನ್ಸ್ ಕಿತ್ಕೋತಾರೆ."

"ನಿನ್ನ ತಲೇಲಿದ್ದಿದ್ರೆ ಹೀಗೇ ಅಂತಿದ್ಯಾ?" ಎಂದು ರೇಗಿದೆ. ಫೋನ್ ಮಾಡಿದೆ, ಎತ್ತಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೆ.

ಅವರ ಮನೆ ಮೂರನೆಯ ಮಹಡಿಯಲ್ಲಿ. ಹತ್ತುವಾಗ ಮೆಟ್ಟಿಲಿಗೊಂದು ಸುಳ್ಳು ಹೊಳೆಯಿತು. ಬಾಗಿಲು ತೆರೆದಾಗ ಒಂದೂ ಬಾಯಿಗೆ ಬರಲಿಲ್ಲ.

"ನಿಮ್ಮ ತಲೇಲಿ ಒಂದು ಸೂಜಿ ಬಿಟ್ಬಿಟ್ಟಿದ್ದೀನಿ, ಮಿಸ್. ತಪ್ಪು ನಂದೇ."

ಅವರು ಕನ್ನಡಕದ ಮೇಲಿಂದ ದಿಟ್ಟಿಸಿದರು. "ಯಾಕೆ ಎಣಿಸ್ಲಿಲ್ಲ?"

"ನೀವು ಮಲಗಿದ್ರಿ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

"ಪ್ರವಾಸದ ಬಸ್ಸಲ್ಲಿ ಮಕ್ಕಳು ಮಲಗಿದ್ರೂ ಎಬ್ಬಿಸಿ ಎಣಿಸ್ತಿದ್ದೆ ನಾನು. ಬೈಕೊಳ್ತಿದ್ರು. ಬೈಕೊಳ್ಲಿ!"

ಕುರ್ಚಿ ಎಳೆದು ಕೂತು ತಲೆ ಬಗ್ಗಿಸಿದರು. ಸೂಜಿ ಅಲ್ಲೇ ಇತ್ತು. ತೆಗೆದು ಹತ್ತಿ ಒತ್ತಿದೆ. ರಕ್ತದ ಹನಿಯೂ ಬರಲಿಲ್ಲ.

"ದೂರು ಕೊಡ್ತೀರಾ?" ಕೇಳಿಯೇಬಿಟ್ಟೆ.

"ಮೊದ್ಲು ಎಣಿಸಿ ಮುಗ್ಸಿ."

"ಹದಿನಾಲ್ಕು."

"ಜೋರಾಗಿ."

"ಹದಿನಾಲ್ಕು!" ಅಂದೆ.

"ಶುಕ್ರವಾರ ಬರ್ತೀನಿ," ಎಂದು ಬಾಗಿಲತ್ತ ಕೈ ತೋರಿಸಿದರು. "ಈಗ ಹೊರಡಿ, ನಂಗೆ ನಿದ್ದೆ ಬರ್ತಿದೆ."