ಡ್ರ್ಯಾಗನ್ನಿನ ಕೊನೆಯ ಉಸಿರು

"ಒಳ್ಳೇದನ್ನ ಮಾತ್ರ ಓದಿ ಹೇಳಮ್ಮ. ಕೆಟ್ಟದ್ದೇನಿದ್ರೂ ನಿನ್ನ ಹೊಟ್ಟೇಲೇ ಇರ್ಲಿ," ಅಂತ ಹೇಳಿ, ಅಮ್ಮನ ಇಸ್ತ್ರಿ ಅಂಗಡಿಯ ಫೋನಿನಲ್ಲಿ ಕೇಳುಗರ ಅಭಿಪ್ರಾಯಗಳ ಪುಟವನ್ನು ತೆರೆದಿಟ್ಟು, ಮಗಳು ಕೆಲಸಕ್ಕೆ ಹೊರಟುಬಿಟ್ಟಳು.

ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಜನರ ಮೂಗಿಗೆ ಫ್ರೇಮು ಕೂರಿಸುವವಳು, ಸಂಜೆಯಾದರೆ ಪ್ರೋಗ್ರೆಸಿವ್ ಪವರ್ ಮೆಟಲ್ ಅನ್ನುವ ಅಬ್ಬರದ ಸಂಗೀತದ ಬ್ಯಾಂಡಿನಲ್ಲಿ ಹಾಡುವವಳು. ಅವರ ಮೊದಲ ಆಲ್ಬಮ್ 'ಬೂದಿಯ ಬೆಟ್ಟ' ಆ ವಾರ ತಾನೇ ಹೊರಬಿದ್ದಿತ್ತು. ತುಂಬಿದ ಸಭೆಯ ಮುಂದೆ ಸೂರು ಹಾರುವಂತೆ ಕಿರುಚಬಲ್ಲ ಹುಡುಗಿಗೆ ಕೇಳಿದವರು ಏನಂದರು ಅಂತ ಓದುವ ಧೈರ್ಯ ಇರಲಿಲ್ಲ. ಆ ಕೆಲಸ ಅಮ್ಮನ ತಲೆಗೆ ಬಂತು.

ಅಮ್ಮ ಗಿರಾಕಿಯ ಪ್ಯಾಂಟಿನ ಗೆರೆ ಕೂರಿಸಿ, ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಮೊದಲ ಅಭಿಪ್ರಾಯ ಓದಿದಳು. 'ಮೂರನೇ ಹಾಡಿಗೆ ಕಿವಿಯಿಂದ ರಕ್ತ ಬಂತು. ಸತ್ತೇ ಹೋದೆ. ಹತ್ತಕ್ಕೆ ಹತ್ತು.'

ತಕ್ಷಣ ಮಗಳಿಗೆ ಫೋನು ಹಚ್ಚಿದಳು. "ಯಾರಿಗೋ ಕಿವೀಲಿ ರಕ್ತ ಬಂದಿದೆಯಂತೆ ಕಣೇ!"

"ಅದು ಹೊಗಳಿಕೆ ಅಮ್ಮಾ. ಎಷ್ಟು ಕೊಟ್ಟಿದಾನೆ?"

"ಹತ್ತಕ್ಕೆ ಹತ್ತು."

"ಅದನ್ನ ಮೊದ್ಲು ಹೇಳ್ಬಾರ್ದಾ! ಇಲ್ಲಿ ಗಿರಾಕಿ ಕಣ್ಣಿಗೆ ಲೆನ್ಸ್ ಬದ್ಲು ಬೆರಳು ಹಾಕ್ತಿದ್ದೆ."

ಆಮೇಲೆ ಅಮ್ಮ ಸ್ವಲ್ಪ ಸುಧಾರಿಸಿಕೊಂಡಳು. ಡ್ರಮ್ಮು ಬಾರಿಸುವವನಿಗೆ ನಾಲ್ಕು ಕಾಲಿರಬೇಕು ಅಂತ ಒಬ್ಬ ಬರೆದಿದ್ದ. ಹಾಡಿನ ನಡುವೆ ತಾಳ ಬದಲಾಗುತ್ತಲೇ ಇರುತ್ತೆ, ತಲೆ ಆಡಿಸಲು ಹೋಗಿ ಕತ್ತು ಉಳುಕಿತು ಅಂತ ಇನ್ನೊಬ್ಬ. 'ಕೊನೇ ಹಾಡು ಶುರುವಾದಾಗ ಹಾಲು ಒಲೆ ಮೇಲಿಟ್ಟೆ. ಹಾಲು ಕಾದು, ಆರಿ, ಕುಡಿದೂ ಆಯ್ತು. ಇವರ ಯುದ್ಧ ಇನ್ನೂ ಮುಗಿದಿರಲಿಲ್ಲ' ಅಂತ ಒಬ್ಬಾಕೆ. ಆ ಹಾಡಿನ ಕತೆ ಅಮ್ಮನಿಗೆ ಗೊತ್ತಿತ್ತು: ಬೂದಿಯ ಬೆಟ್ಟದ ಮೇಲೆ ಲೋಕದ ಕೊನೆಯ ಡ್ರ್ಯಾಗನ್ ಸಾಯುತ್ತಿರುತ್ತದೆ, ಅದನ್ನು ಕೊಲ್ಲಲು ಬಂದ ಹುಡುಗಿ ಕತ್ತಿ ಕೆಳಗಿಟ್ಟು ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಹಾಡುತ್ತಾಳೆ.

ಆದರೆ ಎಲ್ಲರ ಮಾತೂ ಸುತ್ತಿ ಸುತ್ತಿ ಬಂದು ನಿಲ್ಲುತ್ತಿದ್ದುದು ಆ ಹಾಡಿನ ಕೊನೆಯ ಸ್ವರದ ಹತ್ತಿರ. ಎಳೆದಷ್ಟೂ ಉದ್ದವಾಗುವ ಒಂದೇ ಸ್ವರ. ಇನ್ನೇನು ಮುಗಿಯಿತು ಅನ್ನುವಾಗ ಮತ್ತೆ ಉಬ್ಬಿ ಬರುತ್ತದೆ. ಕಟ್ಟಕಡೆಗೆ 'ಟುಸ್ಸ್' ಅಂತ ನಿಟ್ಟುಸಿರು, ಅದರ ಬೆನ್ನಿಗೇ ಬಿಕ್ಕಳಿಸಿದಂಥ ಒಂದು ಸಣ್ಣ ಸದ್ದು, ಆಮೇಲೆ ಮೌನ. 'ಡ್ರ್ಯಾಗನ್ನಿನ ಕೊನೆಯ ಉಸಿರು! ಅಲ್ಲಿ ಅತ್ತುಬಿಟ್ಟೆ.' 'ಆ ಬಿಕ್ಕಳಿಕೆ ಕೇಳಿದ್ರಾ? ಅಲ್ಲಿಗೆ ಅದರ ಹೃದಯ ನಿಂತಿತು.' 'ಎರಡು ಜೀವಕ್ಕಾಗುವಷ್ಟು ಉಸಿರು ಈ ಹುಡುಗಿಯ ಎದೆಯಲ್ಲಿದೆ.'

ಅಮ್ಮನಿಗೆ ಖುಷಿಯಿಂದ ಕಣ್ಣು ತುಂಬಿತು. ಆಗ ಕಣ್ಣಿಗೆ ಬಿದ್ದಿದ್ದು 'ದೊಡ್ಡಕಿವಿ' ಅನ್ನುವ ಹೆಸರಿನಲ್ಲಿ ವಿಮರ್ಶೆ ಬರೆಯುವವನ ಮಾತು. ಮೆಟಲ್ ಕೇಳುವ ಮಂದಿ ಅವನ ಮಾತಿಗೆ ತೂಕ ಕೊಡುತ್ತಾರಂತೆ. 'ಆಲ್ಬಮ್ ಚೆನ್ನಾಗಿದೆ. ಕೊನೆಯ ಸ್ವರ ಮಾತ್ರ ಮೋಸ. ಮನುಷ್ಯರ ಉಸಿರು ಅಷ್ಟು ದೂರ ಹೋಗಲ್ಲ. ಕಂಪ್ಯೂಟರಿನಲ್ಲಿ ರಬ್ಬರಿನ ಹಾಗೆ ಎಳೆದಿದ್ದಾರೆ.'

ಅದರ ಕೆಳಗೆ ಜಗಳವೋ ಜಗಳ. ಅರ್ಧ ಜನ ಅವನ ಕಡೆ, ಅರ್ಧ ಜನ ಮಗಳ ಕಡೆ. ಅಮ್ಮ ಇದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು, ಆದರೆ ಮಗಳಿಗೆ ಇನ್ಯಾರೋ ತಲುಪಿಸಿಯಾಗಿತ್ತು. ನೋಡುತ್ತಿದ್ದಂತೆ ಮಗಳ ಉತ್ತರವೇ ಮೂಡಿತು: 'ನನ್ನದೇ ಉಸಿರು. ಒಂದೇ ಉಸಿರು. ಈ ಶನಿವಾರ ವೇದಿಕೆ ಮೇಲೆ ಹಾಡ್ತೀನಿ, ಎರಡೂ ಕಿವಿ ತಗೊಂಡು ಬನ್ನಿ.'

"ಹಾಗೇ ಬೇಕು ಅವ್ನಿಗೆ," ಅಂದಳು ಅಮ್ಮ, ಅಂಗಡಿಯಲ್ಲಿ ತೂಗುಹಾಕಿದ್ದ ಕೋಟುಗಳಿಗೆ ಕೇಳುವಂತೆ.

ಕೋಟುಗಳಿಗೆ ಹಾಗೆ ನೋಡಿದರೆ ಈ ಆಲ್ಬಮ್ಮಿನಲ್ಲಿ ಪಾಲಿತ್ತು. ಅಂಗಡಿಯ ಮುಂಭಾಗದಲ್ಲಿ ಕೌಂಟರು ಮತ್ತು ಇಸ್ತ್ರಿ ಮೇಜು, ನಡುವೆ ಒಂದು ದಪ್ಪ ಪರದೆ, ಅದರಾಚೆ ಡ್ರೈ ಕ್ಲೀನಿಂಗ್ ಆಗಿ ಬಂದ ಕೋಟುಗಳ ಸಾಲು. ಬ್ಯಾಂಡಿನಲ್ಲಿ ಗಿಟಾರ್ ಬಾರಿಸುವ, ರೆಕಾರ್ಡಿಂಗನ್ನೂ ತಾನೇ ನೋಡಿಕೊಳ್ಳುವ ಲೆಕ್ಕದ ಮೇಷ್ಟ್ರು ಒಮ್ಮೆ ಆ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ, "ಆಂಟಿ, ಈ ಕೋಟುಗಳು ಸದ್ದನ್ನೆಲ್ಲ ಕುಡಿದುಬಿಡ್ತವೆ. ನಮಗೆ ಸ್ಟುಡಿಯೋನೇ ಬೇಡ," ಅಂದಿದ್ದರು. ಹಾಗಾಗಿ ರಜೆಯ ಮಧ್ಯಾಹ್ನಗಳಲ್ಲಿ ಯಾರ್ಯಾರದೋ ಕೋಟುಗಳ ನಡುವೆ ಮೈಕು ನಿಲ್ಲಿಸಿಕೊಂಡು, ಕಿವಿಗೆ ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿ ಮಗಳು ಇಡೀ ಆಲ್ಬಮ್ ಹಾಡಿದ್ದಳು. ಪರದೆಯ ಈಚೆ ಅಮ್ಮ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದಳು.

ಅಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಇಷ್ಟು ಜನ ಹೊಡೆದಾಡುತ್ತಿರುವ ಆ ಸ್ವರವನ್ನು ಸರಿಯಾಗಿ ಕೇಳೋಣ ಅಂತ ಅಮ್ಮ ಮಗಳ ಹಳೆಯ ಹೆಡ್‌ಫೋನು ಹಾಕಿಕೊಂಡಳು. ಇಷ್ಟು ದಿನ ಕೇಳಿದ್ದೆಲ್ಲ ಪರದೆಯಾಚೆಯ ತುಣುಕುಗಳು ಮಾತ್ರ. ಗಿಟಾರ್ ಗುಡುಗಿತು, ಡ್ರಮ್ಮು ಕುದುರೆಯಂತೆ ಓಡಿತು, ಕೊನೆಗೆ ಎಲ್ಲವೂ ಹಿಂದೆ ಸರಿದು ಮಗಳ ದನಿ ಒಂದೇ ಉಳಿಯಿತು. ಏರಿತು, ನಿಂತಿತು, ಸಣ್ಣಗಾಯಿತು, ಮತ್ತೆ ಉಬ್ಬಿತು.

ಟುಸ್ಸ್. ಬಿಕ್.

ಅಮ್ಮ ತಿರುಗಿ ಮೇಜಿನ ಮೇಲಿನ ಇಸ್ತ್ರಿಪೆಟ್ಟಿಗೆಯನ್ನು ನೋಡಿದಳು.

ಆ ಸದ್ದನ್ನು ಅವಳು ದಿನಕ್ಕೆಷ್ಟು ಸಲ ಕೇಳುತ್ತಿದ್ದಳೋ! ಅವಳ ಹಬೆಯ ಇಸ್ತ್ರಿಪೆಟ್ಟಿಗೆ ಹಳೆಯದು. ಗುಂಡಿ ಒತ್ತಿದರೆ ಹಬೆ ಬಿಟ್ಟು, ಬಿಟ್ಟ ಮೇಲೆ ಒಂದು ಸಲ ಬಿಕ್ಕಳಿಸುತ್ತದೆ. ಹಾಡನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು. ಈ ಸಲ ಬಿಕ್ಕಳಿಕೆಯನ್ನಲ್ಲ, ಅದಕ್ಕಿಂತ ಮುಂಚಿನದನ್ನು. ಸ್ವರ ಸಣ್ಣಗಾಗಿ ಮತ್ತೆ ಉಬ್ಬುತ್ತದಲ್ಲ, ಆ ಉಬ್ಬುವ ದನಿ ಮಗಳದಲ್ಲ. ತನ್ನದು.

ಫೋನಿನಲ್ಲಿ ಗಿರಾಕಿಗಳಿಗೆ ಅಮ್ಮ ಯಾರು ಮಗಳು ಯಾರು ಅಂತ ಇವತ್ತಿಗೂ ಗೊತ್ತಾಗದು, ಅಷ್ಟು ಒಂದೇ ಥರದ ಗಂಟಲು. ಮಗಳು ಚಿಕ್ಕವಳಿದ್ದಾಗ ಸ್ನಾನದ ಮನೆಯಲ್ಲಿ ಹಾಡುತ್ತ ಉಸಿರು ಸಾಲದೆ ನಿಲ್ಲಿಸಿದರೆ, ಅಡುಗೆಮನೆಯಿಂದ ಅಮ್ಮ ಆ ಸಾಲನ್ನು ಮುಗಿಸಿಬಿಡುತ್ತಿದ್ದಳು. ಹಾಗೆ ಮಾಡುತ್ತೇನೆ ಅಂತ ಅವಳಿಗೇ ಗೊತ್ತಿರುತ್ತಿರಲಿಲ್ಲ. ಈ ಹಾಡು ರೆಕಾರ್ಡ್ ಆದ ಮಧ್ಯಾಹ್ನವೂ ಇಸ್ತ್ರಿ ಮಾಡುತ್ತ ಹಾಗೆಯೇ ಮುಗಿಸಿದ್ದಾಳೆ. ಪರದೆಯಾಚೆ ಮೈಕು ಅದನ್ನು ನುಂಗಿದೆ. ಹೆಡ್‌ಫೋನು ಹಾಕಿದ್ದ ಮಗಳಿಗೆ ಗೊತ್ತೇ ಆಗಿಲ್ಲ.

ಮೇಷ್ಟ್ರಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಮೇಷ್ಟ್ರೇ, ಇದ್ದೀರಾ?"

"ಇದ್ದೀನಿ ಆಂಟಿ. ಇರಬಾರ್ದಿತ್ತು." ಅವರ ದನಿ ಬಿದ್ದುಹೋಗಿತ್ತು. "ಅವಳು ಹಾಡಿದ್ದನ್ನ ನಾನು ಆಮೇಲೆ ಮನೇಲಿ ಕೂತು ಕೇಳಿದ್ದು. ಏನು ಉಸಿರಪ್ಪಾ ಅಂತ ನಾನೇ ಬೆಚ್ಚಿಬಿದ್ದೆ. ಸಣ್ಣಗಿತ್ತು, ಅದಕ್ಕೆ ಅಲ್ಲಿ ವಾಲ್ಯೂಮ್ ಎತ್ತಿದೆ. ಆ ಟುಸ್ಸನ್ನ ಹಲ್ಲಿನ ಸಂದೀಲಿ ಮಾಡಿದಾಳೆ ಅಂದ್ಕೊಂಡು ಇನ್ನೂ ಜೋರು ಮಾಡಿದೆ!"

"ಅವಳಿಗೆ ಹೇಗೆ ಹೇಳೋದು?"

"ಹೇಳ್ಬೇಡಿ. ದಮ್ಮಯ್ಯ. ಶನಿವಾರ ಕಳೀಲಿ. ವೇದಿಕೇಲಿ ಅಷ್ಟು ಗಲಾಟೇಲಿ ಏನೋ ಒಂದು ಆಗುತ್ತೆ."

ಅಮ್ಮ ಹೇಳಲಿಲ್ಲ. ಆದರೆ ಮನೆಯಲ್ಲಿ ಮಗಳು ಅಭ್ಯಾಸಕ್ಕೆ ನಿಂತಳು. ಬಚ್ಚಲುಮನೆಯಲ್ಲಿ, ಮೆಟ್ಟಿಲ ಮೇಲೆ, ದಿಂಬಿಗೆ ಮುಖ ಒತ್ತಿ. ಪ್ರತಿ ಸಲವೂ ಉಸಿರು ಅದೇ ಜಾಗದಲ್ಲಿ ಕಡಿದುಹೋಗುತ್ತಿತ್ತು. ನೀರು ಕುಡಿದು ಮತ್ತೆ ಶುರು. ಶುಕ್ರವಾರ ಬೆಳಿಗ್ಗೆ ಕಾಫಿ ಕೇಳಿದಾಗ ಅವಳ ಗಂಟಲಿನಿಂದ ಬಂದದ್ದು ಮರಳಿನ ಮೇಲೆ ತಗಡು ಎಳೆದಂಥ ಸದ್ದು.

"ಆವತ್ತು ಬಂತಲ್ಲಮ್ಮ," ಅಂದಳು, ಮುಖ ಚಿಕ್ಕದು ಮಾಡಿಕೊಂಡು. "ಆವತ್ತು ಬಂದಿದ್ದು ಈಗ್ಯಾಕೆ ಬರ್ತಿಲ್ಲ? ನನ್ನ ಗಂಟಲು ಹೋಯ್ತಾ?"

ಅಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ತನ್ನಲ್ಲಿ ಎಂದೂ ಇರದಿದ್ದನ್ನು ಕಳೆದುಕೊಂಡೆ ಅಂತ ಈ ಮಗು ಇರುವ ಗಂಟಲನ್ನೂ ಹರಿದುಕೊಳ್ಳುತ್ತಿದೆ. ಅವಳನ್ನು ಕುರ್ಚಿಗೆ ಕೂರಿಸಿ, ಎದುರು ತಾನೂ ಕೂತು, ಸುತ್ತುಬಳಸದೆ ಹೇಳಿಬಿಟ್ಟಳು.

"ಅದು ನೀನೊಬ್ಬಳೇ ಅಲ್ಲ ಪುಟ್ಟಿ. ಅರ್ಧ ನೀನು. ಉಳಿದದ್ದು ಪರದೆ ಈಚೆಯಿಂದ ನಾನು. ಕೊನೇಲಿ ಟುಸ್ಸ್ ಅನ್ನೋದು ಇಸ್ತ್ರಿಪೆಟ್ಟಿಗೆ."

ಮಗಳು ನಕ್ಕಳು. ಅಮ್ಮ ನಗಲಿಲ್ಲ. ಮಗಳ ನಗು ಅಲ್ಲೇ ಗಟ್ಟಿಯಾಯಿತು. ಹೆಡ್‌ಫೋನು ಎಳೆದುಕೊಂಡು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಸುಣ್ಣ ಬಳಿದ ಹಾಗಾಯಿತು.

"ಅಯ್ಯೋ," ಅಂದಳು. ಹೆಡ್‌ಫೋನು ಕಿತ್ತಿಟ್ಟು ಮತ್ತೆ, "ಅಯ್ಯೋ ದೇವರೇ. ಎಲ್ಲರೂ ಹೊಗಳಿದ್ದು ಅದೊಂದನ್ನೇ ಕಣಮ್ಮ."

"ಅದೊಂದನ್ನೇ ಅಲ್ಲ..."

"ಸುಳ್ಳು ಹೇಳ್ಬೇಡ! ನಾನೂ ಓದಿದೀನಿ. ಕದ್ದು ಓದಿದೀನಿ." ಕಣ್ಣಲ್ಲಿ ನೀರು ಧಾರಾಕಾರ. "ಊರವರ ಮುಂದೆ ನನ್ನದೇ ಉಸಿರು ಅಂತ ಎದೆ ತಟ್ಟಿಕೊಂಡೆ. ನಿನಗೆ ಸುಮ್ನೆ ಇಸ್ತ್ರಿ ಮಾಡ್ಕೊಂಡು ಇರೋಕಾಗಲ್ವಾ? ಯಾವಾಗ ನೋಡಿದ್ರೂ ನಾನು ಶುರು ಮಾಡಿದ್ದನ್ನ ನೀನೇ ಮುಗಿಸ್ಬೇಕಾ?"

ಆ ಮಾತು ಅಮ್ಮನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಬಿಸಿನೀರಿಗೆ ಉಪ್ಪು ಹಾಕಿ, ಗಂಟಲು ಮುಕ್ಕಳಿಸಲು ಲೋಟ ಮುಂದಿಟ್ಟಳು. ಮಗಳು ಸಿಟ್ಟಿನಲ್ಲೇ ಮುಕ್ಕಳಿಸಿದಳು. ಮುಕ್ಕಳಿಸುತ್ತ ಸಿಟ್ಟು ಮಾಡುವುದು ಕಷ್ಟ. ಆಮೇಲೆ ಮೂಗು ಒರೆಸಿಕೊಂಡು, ಒಡೆದ ದನಿಯಲ್ಲಿ ಕೇಳಿದಳು: "ನಾಳೆ ನೀನೂ ವೇದಿಕೆ ಹಿಂದೆ ನಿಂತು ಹಾಡಿಬಿಡ್ತೀಯಾ? ಯಾರಿಗೂ ಗೊತ್ತಾಗಲ್ಲ."

ಅಮ್ಮ ಬೆಚ್ಚಿದಳು. ಮಗಳು ಕೇಳಿದ್ದಕ್ಕೆ ಇಲ್ಲ ಅಂದು ಅವಳಿಗೆ ಅಭ್ಯಾಸವಿರಲಿಲ್ಲ. "ಬೇಡಮ್ಮ," ಅಂದಳು ಕೊನೆಗೆ. "ಆವತ್ತು ಗೊತ್ತಿಲ್ಲದೆ ಆಯ್ತು. ಗೊತ್ತಿದ್ದೂ ಮಾಡಿದ್ರೆ ಆ ದೊಡ್ಡಕಿವಿ ಹೇಳಿದ್ದೇ ನಿಜ ಆಗುತ್ತೆ. ನಿನ್ನ ಉಸಿರು ಎಲ್ಲಿವರೆಗೋ ಅಲ್ಲಿವರೆಗೆ ಹಾಡು."

ಮಗಳು ಲೋಟದಲ್ಲಿ ಉಳಿದದ್ದನ್ನೂ ಮುಕ್ಕಳಿಸಿ ಮುಗಿಸಿದಳು. ಆಮೇಲೆ ಫೋನು ತೆಗೆದುಕೊಂಡು, ಅದೇ ಪುಟದಲ್ಲಿ ಪರದೆ, ಕೋಟು, ಅಮ್ಮ, ಇಸ್ತ್ರಿಪೆಟ್ಟಿಗೆ ಎಲ್ಲ ಬರೆದಳು. 'ದೊಡ್ಡಕಿವಿಯವರ ಹತ್ತಿರ ಕ್ಷಮೆ ಕೇಳ್ತೀನಿ' ಅಂತ ಸೇರಿಸಿ, ಹಲ್ಲು ಕಚ್ಚಿ ಕಳಿಸಿಬಿಟ್ಟಳು.

ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಉಗಿಯುತ್ತಾರೆ ಅಂದುಕೊಂಡಿದ್ದರು. ಉಗಿದರು ಕೂಡ, ಆದರೆ ಯಾವುದಕ್ಕೆ ಅಂತ ನೋಡಿ ಅಮ್ಮನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಮ್ಮ ಹಾಡಿದ್ದರ ಬಗ್ಗೆ ಯಾರಿಗೂ ಬೇಜಾರಿರಲಿಲ್ಲ. 'ಇಸ್ತ್ರಿಪೆಟ್ಟಿಗೆಯಾ?! ನಾನು ಒಂದು ಇಸ್ತ್ರಿಪೆಟ್ಟಿಗೆಗೆ ಅತ್ತಿದ್ದಾ?' 'ನನ್ನ ಮದುವೆಗೆ ಬರುವವರಿಗೆಲ್ಲ ಆ ಉಸಿರು ಕೇಳಿಸಬೇಕು ಅಂತಿದ್ದೆ. ಈಗ ಹೆಂಡತಿಯಾಗುವವಳಿಗೆ ಏನು ಹೇಳಲಿ?' 'ನಂಬಲ್ಲ. ಅದು ಡ್ರ್ಯಾಗನ್ನೇ.' ದೊಡ್ಡಕಿವಿ ಒಂದೇ ಸಾಲು ಬರೆದ: 'ಯಂತ್ರ ಅಂದಿದ್ದೆ. ಯಂತ್ರವೇ ಆಯಿತು. ಶನಿವಾರ ಬರ್ತೀನಿ.'

ಶನಿವಾರದ ಸಭಾಂಗಣದಲ್ಲಿ ಅಮ್ಮ ಹಿಂದಿನ ಗೋಡೆಗೆ ಒರಗಿ, ಕೈಚೀಲ ಅವಚಿಕೊಂಡು ನಿಂತಿದ್ದಳು. ಸುತ್ತ ಕಪ್ಪು ಬಟ್ಟೆಯ ಕಾಡು. ಅದರಲ್ಲಿ ಒಂದಕ್ಕೂ ಇಸ್ತ್ರಿ ಇರಲಿಲ್ಲ. ಪಕ್ಕದಲ್ಲಿದ್ದ ಗಡ್ಡದ ದೈತ್ಯನೊಬ್ಬ ಅವಳನ್ನು ನೋಡಿ ಮರುಕಪಟ್ಟು, "ಹತ್ತಿ ಬೇಕಾ ಅಮ್ಮಾ, ಕಿವಿಗೆ?" ಅಂತ ಕೇಳಿದ. ಬೇಡ ಅಂದಳು.

ಕೊನೆಯ ಹಾಡು ಬಂತು. ಡ್ರಮ್ಮು ನಿಂತಿತು, ಗಿಟಾರ್ ನಿಂತಿತು. ಮೇಷ್ಟ್ರ ಮುಖ ಬೆಳಕಿನಲ್ಲಿ ಬೆವರುತ್ತಿತ್ತು. ಮಗಳು ಕಣ್ಣು ಮುಚ್ಚದೆ, ಎದುರಿನ ಕತ್ತಲನ್ನೇ ನೋಡುತ್ತ ಆ ಸ್ವರ ಎತ್ತಿದಳು. ಇನ್ನೂ ಪೂರ್ತಿ ವಾಸಿಯಾಗದ ಗಂಟಲು, ಅಂಚಿನಲ್ಲಿ ಒರಟು. ಏರಿತು, ನಿಂತಿತು, ಸಣ್ಣಗಾಗತೊಡಗಿತು. ಅಮ್ಮನ ಎದೆ ತಾನಾಗಿಯೇ ಉಬ್ಬಿತು, ಗಂಟಲು ತಾನಾಗಿಯೇ ತೆರೆಯಿತು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ.

ಉಸಿರು ಮುಗಿದ ಕಡೆ ಮಗಳು ನಿಲ್ಲಿಸಿದಳು. ಸಭೆ ಇನ್ನೂ ಕಾಯುತ್ತಿತ್ತು.

"ಇಷ್ಟೇನಾ?" ಅಂದ ಪಕ್ಕದ ಗಡ್ಡದವನು.

ಗಿರಾಕಿ ಕೋಟು ಕಳೆದುಹೋಯಿತು ಅಂತ ಮುಖಕ್ಕೆ ಬೈದಾಗಲೂ ದನಿಯೇರಿಸದ ಹೆಂಗಸು ಅವಳು. ಈಗ ತನ್ನ ಬಾಯಿಂದ ಹೊರಟಿದ್ದನ್ನು ಕೇಳಿ ಅವಳಿಗೇ ಗಾಬರಿಯಾಯಿತು. "ಇಷ್ಟೇ ಅಂದ್ರೆ? ಇಷ್ಟೇ ಅಂದ್ರೆ ಏನ್ರೀ? ಆ ಗಂಟಲಲ್ಲಿ ನೀವು ಇದರ ಅರ್ಧ ಹಾಡಿ ತೋರ್ಸಿ ನೋಡೋಣ!"

ನಿಶ್ಶಬ್ದದಲ್ಲಿ ಅದು ವೇದಿಕೆಯವರೆಗೂ ಹೋಯಿತು. ಮುಂದಿನ ಸಾಲುಗಳವರು ತಿರುಗಿ ನೋಡಿದರು. ಗಡ್ಡದವನು ಒಂದು ಹೆಜ್ಜೆ ಹಿಂದೆ ಸರಿದು, "ತಪ್ಪಾಯ್ತಮ್ಮ," ಅಂದ. ಮೈಕಿನ ಮುಂದೆ ಮಗಳು ಬೆರಗಿನಿಂದ ಕಣ್ಣರಳಿಸಿ ಗೋಡೆಯ ಕಡೆ ನೋಡುತ್ತಿದ್ದಳು. ಆಮೇಲೆ ನಗು ತಡೆಯಲಾರದೆ ಬಗ್ಗಿಬಿಟ್ಟಳು. ಚಪ್ಪಾಳೆ ಎಲ್ಲಿಂದ ಶುರುವಾಯಿತೋ ಗೊತ್ತಾಗಲಿಲ್ಲ.

"ನೀವು ಯಾರಮ್ಮಾ? ಬ್ಯಾಂಡಿನ ಕಡೆಯವರಾ?" ಗಡ್ಡದವನು ಅವಳ ಕಿವಿಯ ಹತ್ತಿರ ಕೂಗಿ ಕೇಳಿದ.

"ಇಲ್ಲಪ್ಪ," ಅಂದಳು ಅಮ್ಮ, ಅಂಗೈ ಉರಿಯುವಂತೆ ಚಪ್ಪಾಳೆ ತಟ್ಟುತ್ತ. "ನಾನೂ ಕೇಳೋಕೆ ಬಂದಿರೋಳು."