ಬಂಡೆಯೆಂದು ಬರೆದ ಜಾಗ

ಗುಮಾಸ್ತ ಮೂರನೇ ಸಲ ಚುಚ್ಚಿದಾಗಲೂ ಕಬ್ಬಿಣದ ಸರಳು ಸಲೀಸಾಗಿ ಮಣ್ಣಿಗೆ ಇಳಿಯಿತು.

"ಇಲ್ಲಿ ಕಲ್ಲೇ ಇಲ್ವಲ್ಲಮ್ಮ."

ಅವಳು ಬದುವಿನ ಮೇಲೆಯೇ ನಿಂತಿದ್ದಳು. ಅವನ ಕಂಕುಳಲ್ಲಿ ಚರ್ಚಿನ ಹಳೆಯ ದಫ್ತರವಿತ್ತು. ಜಮೀನು ಚರ್ಚಿನದು, ಗಂಡನ ಅಜ್ಜನ ಕಾಲದಿಂದ ಗೇಣಿ ಇವರದು. ಬಾವಿ ತೋಡಿದ್ದು, ಕೊಟ್ಟಿಗೆ ಸುಟ್ಟುಹೋದದ್ದು, ಹೊಳೆ ಉಕ್ಕಿ ಕೆಳಗಿನ ಹೊಲ ನುಂಗಿದ್ದು ಎಲ್ಲ ಅದರಲ್ಲಿತ್ತು. ಬೇಲಿಯ ಪಕ್ಕದ ಈ ಚಾಪೆಯಗಲದ ಜಾಗಕ್ಕೂ ತೀರಿಹೋದ ಪಾದ್ರಿಗಳ ಕೈಬರಹದಲ್ಲಿ ಒಂದು ಸಾಲು: 'ಅಡಿಯಲ್ಲಿ ಬಂಡೆಯಿದೆ. ಉಳಬಾರದು.' ಮೂವತ್ತೊಂದು ವರ್ಷ ಗಂಡ ನೇಗಿಲನ್ನು ಅದರ ಸುತ್ತ ಬಳಸಿಯೇ ತಿರುಗಿಸಿದ್ದ.

ಅವನ ಕೈ ಸೋತಿದೆಯೆಂದು ಚರ್ಚು ಈಗ ಗೇಣಿಯನ್ನು ಟ್ರ್ಯಾಕ್ಟರ್ ಇರುವವನಿಗೆ ಕೊಟ್ಟಿತ್ತು. ನಾಳೆ ಬೆಳಗ್ಗೆ ಟ್ರ್ಯಾಕ್ಟರಿನವನ ಎದುರಿಗೇ ಈ ಸಾಲು ಹೊಡೆದುಹಾಕುತ್ತೇನೆಂದ ಗುಮಾಸ್ತ. ಪಾಪ, ಪಾದ್ರಿಗಳಿಗೆ ಬೇಸಾಯ ಏನು ಗೊತ್ತು ಎಂದು ನಕ್ಕ. ಅವಳೂ ನಕ್ಕಳು.

ಅವಳ ಚೊಚ್ಚಲು ಕೂಸು ಅರ್ಧ ದಿನ ಬದುಕಿತ್ತು. ದೀಕ್ಷಾಸ್ನಾನವಾಗದ ಮಗುವಿಗೆ ಚರ್ಚಿನ ಸ್ಮಶಾನದಲ್ಲಿ ಜಾಗವಿರಲಿಲ್ಲ. ಪಾದ್ರಿಗಳೇ ಬಂದು ಗಂಡನ ಜೊತೆ ಇಲ್ಲಿ ಗುದ್ದಲಿ ಹಿಡಿದರು. ಹೋಗಿ ದಫ್ತರದಲ್ಲಿ ಬಂಡೆಯೆಂದು ಬರೆದರು.

ಮಗಳ ಮನೆಗೆ ಹೊರಡಲು ಗಂಡ ಗಾಡಿಗೆ ಸಾಮಾನು ಹೇರುತ್ತಿದ್ದ. ಗುಮಾಸ್ತನ ಮಾತು ಅವಳಿಂದ ಕೇಳಿ, ಇದ್ದದ್ದು ಹೇಳಿಬಿಡೋಣ ಅಂದ.

"ಹೇಳಿದ್ರೆ ಅಗೀತಾರೆ ರೀ."

ಇಲ್ಲಿ ಎಲ್ಲವೂ ಚರ್ಚಿನದು. ಬಾವಿಕಟ್ಟೆಯ ಒಗೆಯುವ ಕಲ್ಲು ಮಾತ್ರ ಅವಳದು; ಮದುವೆಯಾದ ವರ್ಷ ಗಂಡ ಹೊಳೆಯಿಂದ ಉರುಳಿಸಿ ತಂದದ್ದು. ಆಮೇಲೆ ಹುಟ್ಟಿದ ಮೂವರ ಬಟ್ಟೆ ಒಗೆದೊಗೆದು ಅದರ ಒಂದು ಮುಖ ನುಣ್ಣಗಾಗಿತ್ತು. ಚೊಚ್ಚಲಿನದು ಒಂದನ್ನೂ ಅವಳು ಒಗೆದಿರಲಿಲ್ಲ.

ಇಬ್ಬರೂ ಹಾರೆ ಹಾಕಿ ಕಲ್ಲು ಕಿತ್ತು, ಸಂಜೆಯವರೆಗೂ ಬೇಲಿಯ ಪಕ್ಕದ ಆ ಜಾಗಕ್ಕೆ ಉರುಳಿಸಿದರು.

"ಆಗ ಇಷ್ಟು ಭಾರ ಇರ್ಲಿಲ್ಲ ಕಣೇ."

"ಆಗ ನಿಮ್ಮ ಮೀಸೆ ಕಪ್ಪಗಿತ್ತು."

ಗೇಣುದ್ದಕ್ಕಿಂತ ಆಳ ತೋಡಲು ಅವಳು ಬಿಡಲಿಲ್ಲ. ಕಲ್ಲು ಇಳಿಸುವಾಗ ಅವನ ಕೈ ಹಿಡಿದಳು.

"ತಿರುಗಿಸ್ರಿ. ನುಣ್ಣಗಿರೋ ಕಡೆ ಕೆಳಗೆ ಬರ್ಲಿ."

ಬೆಳಗ್ಗೆ, ಇನ್ನೊಂದು ಸಲ ಚುಚ್ಚಿ ನೋಡಿ ಅಂದಳು. ಸರಳು ಠಣ್ಣೆಂದಿತು. ಗುಮಾಸ್ತ ಹಸಿ ಮಣ್ಣನ್ನು ನೋಡಿದ, ಅವಳ ಉಗುರುಗಳನ್ನು ನೋಡಿದ. ದಫ್ತರ ಬಿಚ್ಚದೆ, ಇಲ್ಲಿ ಬಂಡೆಯಿದೆ, ಬಳಸಿಕೊಂಡು ಹೋಗು ಎಂದು ಟ್ರ್ಯಾಕ್ಟರಿನವನಿಗೆ ಹೇಳಿದ.

ಗಾಡಿ ಹೊರಟಿತು. ಬಾವಿಕಟ್ಟೆಯಲ್ಲಿ ಕಲ್ಲು ಕಿತ್ತ ಗುಂಡಿಗೆ ನೀರು ಜಿನುಗಿ ನಿಂತಿತ್ತು. ಗುಬ್ಬಿಮರಿಯೊಂದು ಅದರಲ್ಲಿ ತಲೆ ಅದ್ದಿ ಮೀಯುತ್ತಿತ್ತು.