ಕೆಂಪಾದ ಸಾಲುಗಳು

ಪರದೆಯ ಮೇಲಿನ ಸಾಲುಗಳೆಲ್ಲ ಒಮ್ಮೆಲೇ ಕೆಂಪಾದಾಗ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು.

ರಾಯಚೂರಿನ ಸ್ಟೇಷನ್ ರಸ್ತೆಯ ಆ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಬಣ್ಣದ ಪರದೆ ಬಂದದ್ದು ಎಂಬತ್ತೊಂಬತ್ತರಲ್ಲಿ. ಅಲ್ಲಿ ಪಾಠ ಹೇಳುತ್ತಿದ್ದ ತಾಯಣ್ಣ, ಪ್ರೋಗ್ರಾಂ ಬರೆಯಲೆಂದು ತಾನೇ ಒಂದು ಎಡಿಟರ್ ತಂತ್ರಾಂಶ ಕಟ್ಟಿದ್ದ. ಅದರಲ್ಲಿ ಟೈಪ್ ಮಾಡಿದರೆ ಆಜ್ಞೆಗಳು ನೀಲಿ, ಉದ್ಧರಣ ಚಿಹ್ನೆಯೊಳಗಿನ ಮಾತು ಕೆಂಪು, ಓದುವವರಿಗಾಗಿ ಬರೆದ ಷರಾ ಹಸಿರು. ಆ ದಿನ ಹೊಸದಾಗಿ ಸೇರಲು ಬಂದವರಿಗೆ ಅದನ್ನು ತೋರಿಸುತ್ತಿದ್ದರು. ಜೊತೆಯ ಶಿಕ್ಷಕಿ ಅಸ್ಮತ್ ಟೈಪ್ ಮಾಡುತ್ತಿದ್ದಳು, ತಾಯಣ್ಣ ವಿವರಿಸುತ್ತಿದ್ದ.

"ಏನ್ರಿ ಇದು?" ಮಾಲೀಕ ಉರುಕುಂದಪ್ಪ ಎದ್ದುನಿಂತ.

"ಅಸ್ಮತ್ ಟೀಚರ್ ತಪ್ಪು ಟೈಪ್ ಮಾಡ್ಯಾರ್ರಿ," ಎಂದುಬಿಟ್ಟ ತಾಯಣ್ಣ. ನೋಡಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು.

"ಟೈಪಿಂಗ್ ಬರಲಾರದವರು ಏನ್ ಕಲಸ್ತೀರಮ್ಮಾ? ಮನಿಗೆ ನಡೀರಿ."

ಅಸ್ಮತ್ ತಾಯಣ್ಣನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಚೀಲ ಎತ್ತಿಕೊಂಡು ಹೊರಟಳು.

ಎಲ್ಲರೂ ಹೋದ ಮೇಲೆ ಅವನು ಅವಳ ಸಾಲುಗಳನ್ನು ಅಕ್ಷರ ಅಕ್ಷರ ಓದಿದ. ಒಂದೂ ತಪ್ಪಿರಲಿಲ್ಲ. ಮೇಲ್ತುದಿಯ ಷರಾದಲ್ಲಿ ಬಂದ 'ಡೋಂಟ್' (don't) ಎಂಬ ಇಂಗ್ಲಿಷ್ ಪದದ ನೆತ್ತಿಯ ಮೇಲಿನ ಪುಟ್ಟ ಗೆರೆಯನ್ನು ಅವನ ಎಡಿಟರ್ ಉದ್ಧರಣ ಚಿಹ್ನೆಯೆಂದು ತಿಳಿದಿತ್ತು. ಮುಚ್ಚುವ ಚಿಹ್ನೆ ಸಿಗದೆ ಕೊನೆಯವರೆಗೂ ಕೆಂಪು ಬಳಿದಿತ್ತು. ಷರಾ ಮುಗಿಯುವ ತನಕ ಆ ಗೆರೆಯನ್ನು ಲೆಕ್ಕಕ್ಕೆ ಹಿಡಿಯದಂತೆ ತಿದ್ದಿದ. ಸಾಲುಗಳು ತಂತಮ್ಮ ಬಣ್ಣಕ್ಕೆ ಮರಳಿದವು. ಅದನ್ನು ನೋಡಲಾರದೆ ಸ್ವಿಚ್ ಆರಿಸಿದ.

ಬೆಳಿಗ್ಗೆ ಉರುಕುಂದಪ್ಪನಿಗೆ ಎಲ್ಲ ಹೇಳಿದ.

"ಈಗ ಸರಿ ಆಗ್ಯದಲ್ಲ? ಆತು ಬಿಡ್ರಿ. ಆಕಿಗೆ ಬರಾಕ ಹೇಳ್ರಿ," ಎಂದು ಆತ ಪೇಪರ್ ಬಿಡಿಸಿದ.

ಅಸ್ಮತಳ ಮನೆಯ ಬಾಗಿಲು ತೆರೆದವರು ಅವಳ ತಂದೆ ಸತ್ತಾರ್ ಸಾಬ್. ತಾಯಣ್ಣ ಬಾಯಿ ತೆರೆಯುವ ಮೊದಲೇ ಅವನ ಎರಡೂ ಕೈ ಹಿಡಿದುಕೊಂಡರು.

"ಮಾಫ್ ಮಾಡ್ರಿ ಸರ್. ಹುಡುಗಿ ತಪ್ಪು ಮಾಡ್ಯಾಳ. ನೀವೇ ತಿದ್ದಿ ಕಲಸ್ರಿ."

ತಾಯಣ್ಣ ಕೈ ಬಿಡಿಸಿಕೊಂಡ. "ತಪ್ಪು ನಂದರೀ ಚಾಚಾ."

"ನಿಮ್ಮದು ದೊಡ್ಡ ಮನಸ್ಸು," ಎನ್ನುತ್ತ ಮುದುಕರು ಚಹಾ ತರಲು ಒಳಗೆ ಹೋದರು. ಒಳಬಾಗಿಲಲ್ಲಿ ಅಸ್ಮತ್ ನಿಂತಿದ್ದಳು.

"ಸರಿ ಟೈಪ್ ಮಾಡೀನಿ ಅಂತ ನನಗ ಅವಾಗೇ ಗೊತ್ತಿತ್ತು ಸರ್."

"ಮತ್ತ್ಯಾಕ ಸುಮ್ನಿದ್ರಿ?"

"ನೀವು ಹೇಳ್ತೀರಿ ಅಂತ ನಿಂತಿದ್ದೆ."

"ತಪ್ಪು ನಂದು ಅಂತ ಮಾಲೀಕರಿಗೆ ಬೆಳಿಗ್ಗೆ ಹೇಳೀನಿ. ನೀವು ಬರ್ರಿ."

"ನಕ್ಕೋರಿಗೂ ಹೇಳ್ರಿ," ಎಂದಳು. "ಆದ್ರ ಮೊದಲು ಅಬ್ಬಾಗ ಹೇಳ್ರಿ, ತಿಳಿಯೋಹಂಗ. ನಿನ್ನಿಯಿಂದ ನನ್ನ ಮಾತು ನಂಬವಲ್ರು."

ಸತ್ತಾರ್ ಸಾಬ್ ಚಹಾ ಹಿಡಿದು ಬಂದರು. ತಾಯಣ್ಣ ನಿಂತೇ ಹೇಳಿದ: ಆ ಗೆರೆ, ಆ ಕೆಂಪು, ಎಲ್ಲರ ಮುಂದೆ ತಾನು ಆಡಿದ ಸುಳ್ಳು. ಕಂಪ್ಯೂಟರಿನ ಮಾತು ಮುದುಕರಿಗೆ ಎಷ್ಟು ತಿಳಿಯಿತೋ, ಕೊನೆಯದು ತಿಳಿಯಿತು.

ಅವರು ತಾಯಣ್ಣನತ್ತ ಚಾಚಿದ್ದ ಕಪ್ಪನ್ನು ಹಿಂದಕ್ಕೆ ತೆಗೆದುಕೊಂಡು, ಮೆಲ್ಲಗೆ ತಿರುಗಿ, ಮಗಳ ಕೈಗೆ ಕೊಟ್ಟರು.